ಮೊದಲ ಹಂತದಲ್ಲಿ ಹಿಂದುಳಿದವನ ಓಟ ಮುಗಿಯುವುದಿಲ್ಲ

(ವಿದ್ಯಾರ್ಥಿಗಳು ಮತ್ತು ಪೋಷಕರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪರೀಕ್ಷಾ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ನಮ್ಮ ಪಟ್ಟಣಗಳ ಮುಸ್ಲಿಮ್ ಮನೆಗಳಲ್ಲಿ ಏನು ನಡೆಯುತ್ತದೆಂಬುದು ಇಲ್ಲಿರುವ ಎಲ್ಲರಿಗೂ ತಿಳಿದಿದೆ. ಹೆಚ್ಚು ಅಂಕ ಪಡೆದ ಮಗುವಿನ ಮನೆಗೆ ಸಿಹಿತಿಂಡಿಯ ಪೊಟ್ಟಣಗಳು ಬರುತ್ತವೆ. ಜಮಾಅತಿನವರು ಶಾಲು ಹೊದಿಸುತ್ತಾರೆ, ಸ್ಮರಣಿಕೆ ನೀಡುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಇದು ಒಳ್ಳೆಯದೇ. ಆದರೆ ಅದೇ ಬೀದಿಯ ಇನ್ನೊಂದು ಮನೆಯ ಬಾಗಿಲು ಆ ದಿನ ಅರ್ಧ ಮುಚ್ಚಿರುತ್ತದೆ. ಅಲ್ಲಿ ಅನುತ್ತೀರ್ಣನಾದ ಒಬ್ಬ ಹುಡುಗನಿದ್ದಾನೆ. ವಾರ ಕಳೆಯುವುದರೊಳಗೆ ಆತ ಯಾವುದಾದರೂ ಗ್ಯಾರೇಜಿಗೋ ಸಂಬಂಧಿಕರ ಅಂಗಡಿಗೋ ಸೇರಿಬಿಡುತ್ತಾನೆ. ಹುಡುಗಿಯಾಗಿದ್ದರೆ ಮದುವೆಯ ಪ್ರಸ್ತಾಪಗಳು ಆರಂಭವಾಗುತ್ತವೆ. ಗ್ಯಾರೇಜಿನ ದುಡಿಮೆ ಹೀನವಾದುದಲ್ಲ. ಹಲಾಲ್ ಆದ ಯಾವ ದುಡಿಮೆಯೂ ಹೀನವಲ್ಲ. ಮದುವೆಯೂ ತಪ್ಪಲ್ಲ. ಹದಿನಾರು ಹದಿನೇಳರ ಹರೆಯದ ಮಗುವಿನ ಇಡೀ ಭವಿಷ್ಯವನ್ನು ಒಂದೇ ದಿನದ ಫಲಿತಾಂಶದ ಮೇಲೆ ತೀರ್ಮಾನಿಸಿಬಿಡುವುದು ತಪ್ಪು. ಈ ತೀರ್ಮಾನವನ್ನು ಪರೀಕ್ಷಾ ಮಂಡಳಿ ಮಾಡಿದ್ದಲ್ಲ, ಸರಕಾರ ಮಾಡಿದ್ದೂ ಅಲ್ಲ. ಅದು ನಮ್ಮ ಮನೆಯ ಚಾವಡಿಯಲ್ಲೇ ಆದ ತೀರ್ಮಾನ.

ಈ ವಿಷಯವನ್ನು ಅಂಕಿ ಅಂಶಗಳ ಮೂಲಕ ಹೇಳುವ ಬದಲು ನಾವಿಂದು ಒಂದು ಕ್ರೀಡೆಯ ಮೂಲಕ ಹೇಳಬಯಸುತ್ತೇವೆ. ಅದು ಹದಿನೇಳು ಹದಿನೆಂಟರ ಹರೆಯದವರು ಭಾಗವಹಿಸುವ ಬಹುದಿನಗಳ ಅಂತಾರಾಷ್ಟ್ರೀಯ ಸೈಕಲ್ ಸ್ಪರ್ಧೆ. ಪೋಷಕರ ಸಭೆಯಲ್ಲಿ ಸೈಕಲಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ದಯವಿಟ್ಟು ಕೊನೆಯವರೆಗೆ ಕೇಳಿ. ನಿಮ್ಮ ಮನೆಯ ಮಗನದೇ, ಮಗಳದೇ ವಯಸ್ಸಿನವರ ಕಥೆಯಿದು.

ಸಹೋದರರೇ, ನಮಗೆ ಪರಿಚಿತವಾದ ಓಟಗಳೆಲ್ಲ ಒಂದೇ ದಿನದಲ್ಲಿ, ಕೆಲವೇ ನಿಮಿಷಗಳಲ್ಲಿ ಮುಗಿಯುವಂಥವು. ಮೊದಲು ಗೆರೆ ದಾಟಿದವನು ಗೆದ್ದ, ಉಳಿದವರು ಸೋತರು. ಆದರೆ ಹಂತಗಳ ಸ್ಪರ್ಧೆ ಹಾಗಲ್ಲ. ಅದು ಮೂರು ನಾಲ್ಕು ದಿನ, ಕೆಲವೊಮ್ಮೆ ಒಂದು ವಾರ ನಡೆಯುತ್ತದೆ. ಪ್ರಖ್ಯಾತವಾದ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಾದರೋ 21 ಹಂತಗಳಿರುತ್ತವೆ. ಪ್ರತಿದಿನವೂ ಒಂದು ಹೊಸ ಹಾದಿ. ಒಂದು ದಿನ ಸಮತಟ್ಟಾದ ರಸ್ತೆ, ಇನ್ನೊಂದು ದಿನ ಬೆಟ್ಟದ ಏರು, ಮತ್ತೊಂದು ದಿನ ಒಬ್ಬೊಬ್ಬರೇ ಗಡಿಯಾರದೊಂದಿಗೆ ಸೆಣಸುವ ಟೈಮ್ ಟ್ರಯಲ್. ಕಿರಿಯರ ಸ್ಪರ್ಧೆಗಳಲ್ಲಿ ಕೆಲವೊಮ್ಮೆ ಬೆಳಗ್ಗೆ ಒಂದು ಅರ್ಧ ಹಂತ, ಮಧ್ಯಾಹ್ನ ಇನ್ನೊಂದು ಅರ್ಧ ಹಂತ ಇರುವುದೂ ಉಂಟು. ಪ್ರತಿಯೊಬ್ಬ ಸವಾರನ ಎಲ್ಲ ದಿನಗಳ ಸಮಯವನ್ನು ಕೂಡಿಸಿ, ಯಾರ ಒಟ್ಟು ಸಮಯ ಕಡಿಮೆಯೋ ಅವನನ್ನು ವಿಜಯಿಯೆಂದು ಘೋಷಿಸಲಾಗುತ್ತದೆ. ಆದುದರಿಂದ ಒಂದೂ ಹಂತವನ್ನು ಗೆಲ್ಲದವನು ಇಡೀ ಸ್ಪರ್ಧೆಯನ್ನು ಗೆಲ್ಲಬಹುದು. ಮೊದಲ ದಿನ ಗೆದ್ದು ಮೆರೆದವನು ಮೂರನೆಯ ದಿನ ಪಟ್ಟಿಯ ಕೆಳಗೆ ಜಾರಬಹುದು. ಮೊದಲ ದಿನ ಹಿಂದುಳಿದವನಿಗೆ ಮರುದಿನ ಬೆಳಗ್ಗೆ ಮತ್ತೆ ಅದೇ ಆರಂಭದ ಗೆರೆಯಲ್ಲಿ ನಿಲ್ಲುವ ಹಕ್ಕಿದೆ. ಒಂದೇ ಒಂದು ಷರತ್ತು, ನಿಗದಿತ ಕಾಲಮಿತಿಯೊಳಗೆ ಗುರಿ ತಲಪಿರಬೇಕು. ಅಂದರೆ ಗೆಲ್ಲದಿದ್ದರೂ ಸರಿ, ಓಟವನ್ನು ಬಿಟ್ಟು ಇಳಿಯಬಾರದು.

ಇನ್ನೂ ಒಂದು ನಿಯಮವನ್ನು ಗಮನಿಸಿ. ಸಾಮಾನ್ಯವಾಗಿ ಸಮತಟ್ಟಾದ ಹಾದಿಯ ಹಂತಗಳಲ್ಲಿ, ಗುರಿಗೆ ಕೊನೆಯ 3 ಕಿ.ಮೀ. ಉಳಿದಿರುವಾಗ ಸವಾರನೊಬ್ಬ ಬಿದ್ದರೆ, ಅಥವಾ ಅವನ ಸೈಕಲ್ ಪಂಕ್ಚರ್ ಆದರೆ, ಅವನು ಆವರೆಗೆ ಯಾವ ಗುಂಪಿನೊಂದಿಗಿದ್ದನೋ ಆ ಗುಂಪಿನ ಸಮಯವನ್ನೇ ಅವನಿಗೂ ನೀಡಲಾಗುತ್ತದೆ. ಅವನ ತಪ್ಪಿಲ್ಲದೆ ಬಂದ ಆಪತ್ತಿಗೆ ಅವನ ಇಡೀ ಪರಿಶ್ರಮವನ್ನು ಬಲಿಕೊಡಬಾರದೆಂಬುದು ಈ ನಿಯಮದ ಆಶಯ. ಕಠಿಣವಾದ ಕ್ರೀಡೆಯೊಂದು ಬಿದ್ದವನ ಬಗ್ಗೆ ತೋರುವ ಈ ನ್ಯಾಯಪ್ರಜ್ಞೆಯನ್ನು ನಾವು ನಮ್ಮ ಮಕ್ಕಳ ಬಗ್ಗೆ ತೋರುತ್ತಿದ್ದೇವೆಯೇ?

ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ, 17 ಮತ್ತು 18 ವರ್ಷ ತುಂಬುವ ವರ್ಷಗಳಲ್ಲಿರುವವರನ್ನು ಜೂನಿಯರ್ ಎಂದು ಕರೆಯಲಾಗುತ್ತದೆ. ಹಿರಿಯರಿಗೆ ಒಂದು ದಿನದಲ್ಲಿ 200 ಕಿ.ಮೀ.ವರೆಗಿನ ಹಾದಿ ಸಾಮಾನ್ಯ. ಆದರೆ ಕಿರಿಯ ಹುಡುಗರ ಬಹುದಿನಗಳ ಸ್ಪರ್ಧೆಯಲ್ಲಿ ಒಂದು ಹಂತ 120 ಕಿ.ಮೀ. ಮೀರಬಾರದು, ದಿನದ ಸರಾಸರಿ 100 ಕಿ.ಮೀ. ದಾಟಬಾರದು. 2022ರ ಕೊನೆಯವರೆಗೆ ಅವರ ಗೇರಿಗೂ ಮಿತಿಯಿತ್ತು. ಪೆಡಲನ್ನು ಒಂದು ಪೂರ್ತಿ ಸುತ್ತು ತುಳಿದರೆ ಸೈಕಲ್ 7.93 ಮೀಟರಿಗಿಂತ ಹೆಚ್ಚು ಮುಂದೆ ಸಾಗುವಂತಿರಲಿಲ್ಲ. ಬೆಳೆಯುತ್ತಿರುವ ಮೊಣಕಾಲಿಗೆ ಹೊರೆಯಾಗದಿರಲಿ, ಬಲಕ್ಕಿಂತ ಮೊದಲು ಲಯವನ್ನು ಕಲಿಯಲಿ ಎಂಬುದು ಅದರ ಉದ್ದೇಶವಾಗಿತ್ತು.

ಇದನ್ನು ಓದುವಾಗ ನಮಗೆ ನೆನಪಾಗುವುದು ಮದೀನಾದ ಕುದುರೆ ಓಟ. ಇಬ್ನು ಉಮರ್(ರ)ರಿಂದ ವರದಿಯಾಗಿ ಸಹೀಹುಲ್ ಬುಖಾರಿಯಲ್ಲಿರುವ ಹದೀಸ್‌ನಂತೆ, ಪ್ರವಾದಿವರ್ಯರು(ಸ) ಓಟಕ್ಕೆ ಪಳಗಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾದವರೆಗಿನ ಉದ್ದದ ಹಾದಿಯನ್ನೂ, ಇನ್ನೂ ಪಳಗದ ಕುದುರೆಗಳಿಗೆ ಸನಿಯ್ಯಾದಿಂದ ಬನೂ ಝುರೈಕ್ ಮಸೀದಿಯವರೆಗಿನ ಕಿರಿದಾದ ಹಾದಿಯನ್ನೂ ಗೊತ್ತುಪಡಿಸಿದ್ದರು. ಮೊದಲನೆಯದು ಐದಾರು ಮೈಲು, ಎರಡನೆಯದು ಸುಮಾರು ಒಂದು ಮೈಲು ಎಂದು ವರದಿಗಾರರು ವಿವರಿಸಿದ್ದಾರೆ. ಮೂಕ ಪ್ರಾಣಿಯ ವಿಷಯದಲ್ಲೂ ಅದರ ತಯಾರಿಯನ್ನು ನೋಡಿ ದೂರವನ್ನು ನಿರ್ಧರಿಸಿದ ಮಹಾನುಭಾವರ ಅನುಯಾಯಿಗಳು ನಾವು. ಆದರೆ ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಪಕ್ಕದ ಮನೆಯ ಮಗ ವೈದ್ಯಕೀಯಕ್ಕೆ ಹೋದನೆಂದು, ವಿಜ್ಞಾನದಲ್ಲಿ ಒಲವಿಲ್ಲದ ಹುಡುಗನನ್ನೂ ಅದೇ ಹಾದಿಗೆ ಅಟ್ಟುತ್ತೇವೆ. ಆತ ಎಡವಿದಾಗ ನಿನ್ನಿಂದ ಏನೂ ಆಗದು ಎನ್ನುತ್ತೇವೆ. ಎಡವಿದ್ದಕ್ಕೆ ಹುಡುಗನ ಶಕ್ತಿಹೀನತೆ ಕಾರಣವೋ, ನಾವು ಆರಿಸಿದ ಹಾದಿ ಕಾರಣವೋ ಎಂದು ಕೇಳಿಕೊಳ್ಳುವುದಿಲ್ಲ.

ಈಗ ಒಬ್ಬ ನಿಜವಾದ ಹುಡುಗನ ಬಳಿಗೆ ಬರೋಣ. ಕೆಂಪು ಸಮುದ್ರದ ತೀರದಲ್ಲಿ ಎರಿಟ್ರಿಯಾ ಎಂಬ ಪುಟ್ಟ ದೇಶವಿದೆ. ಮುಸ್ಲಿಮರೂ ಕ್ರೈಸ್ತರೂ ದೊಡ್ಡ ಸಂಖ್ಯೆಯಲ್ಲಿ ಜೊತೆಯಾಗಿ ಬಾಳುತ್ತಿರುವ ನಾಡು ಅದು. ನಮಗೆ ಈ ಪ್ರದೇಶ ಅಪರಿಚಿತವಲ್ಲ. ಮಕ್ಕಾದ ಹಿಂಸೆಯನ್ನು ತಾಳಲಾರದೆ ಸಹಾಬಿಗಳು ಮೊದಲ ಹಿಜ್‌ರ ಕೈಗೊಂಡದ್ದು ಇದೇ ಹಬಶದ ಸೀಮೆಗೆ. ಅವರು ಬಂದಿಳಿದದ್ದು ಇಂದಿನ ಎರಿಟ್ರಿಯಾದ ಮಸ್ಸಾವಾ ಬಂದರಿನಲ್ಲಿ ಎಂಬ ನಂಬಿಕೆ ಅಲ್ಲಿನ ಜನರಲ್ಲಿದೆ. ನ್ಯಾಯವಂತ ಕ್ರೈಸ್ತ ದೊರೆ ನಜ್ಜಾಶಿ ಅವರಿಗೆ ಆಶ್ರಯ ನೀಡಿದ ಚರಿತ್ರೆಯನ್ನು ನಮ್ಮ ಮದ್ರಸದ ಮಕ್ಕಳೂ ಬಲ್ಲರು.

ಆ ನಾಡನ್ನು 1890ರಿಂದ 1941ರವರೆಗೆ ಇಟಲಿ ಆಳಿತು. ಸೈಕಲನ್ನು ಅಲ್ಲಿಗೆ ತಂದವರು ಇಟಲಿಯವರೇ. ರಾಜಧಾನಿ ಅಸ್ಮಾರಾದ ಬೀದಿಗಳಲ್ಲಿ 1930ರ ದಶಕದಲ್ಲಿ ಸ್ಪರ್ಧೆಗಳು ನಡೆಯತೊಡಗಿದವು. ಆದರೆ ಅವು ಬಿಳಿಯರಿಗೆ ಮಾತ್ರ. ಕರಿಯರಿಗೆ ಬಿಳಿಯರೊಂದಿಗೆ ಸರಿಸಮನಾಗಿ ಓಡುವ ಯೋಗ್ಯತೆಯಿಲ್ಲವೆಂಬುದು ಫ್ಯಾಸಿಸ್ಟ್ ಆಡಳಿತದ ಸಿದ್ಧಾಂತವಾಗಿತ್ತು. 1939ರಲ್ಲಿ ಒಮ್ಮೆ ಇಬ್ಬರನ್ನೂ ಒಂದೇ ಸ್ಪರ್ಧೆಗೆ ಇಳಿಸಲಾಯಿತು. ಗೆದ್ದದ್ದು ಘೆಬ್ರೆಮರಿಯಮ್ ಘೆಬ್ರು ಎಂಬ ಎರಿಟ್ರಿಯಾದ ಸವಾರ! ಯೋಗ್ಯತೆಯಿಲ್ಲವೆಂದು ಹೇಳಿದವರ ಮಾತಿಗೆ ಆತ ಭಾಷಣದಿಂದ ಉತ್ತರ ನೀಡಲಿಲ್ಲ. ಅವಕಾಶದ ಬಾಗಿಲು ತೆರೆದ ಒಂದೇ ದಿನ ರಸ್ತೆಯ ಮೇಲೆ ಉತ್ತರಿಸಿದ. ಇಂದು ಆ ನಾಡಿನಲ್ಲಿ ಸೈಕ್ಲಿಂಗ್‌ಗೆ ಇರುವ ಜನಪ್ರಿಯತೆಯನ್ನು ನಮ್ಮಲ್ಲಿನ ಕ್ರಿಕೆಟ್‌ಗೆ ಹೋಲಿಸಬಹುದು.

ಬಿನಿಯಾಮ್ ಗಿರ್ಮಾಯ್ ಹುಟ್ಟಿದ್ದು ಅದೇ ಅಸ್ಮಾರಾದಲ್ಲಿ, 2000ದ ಎಪ್ರಿಲ್ ತಿಂಗಳಲ್ಲಿ. ತಂದೆ ಬಡಗಿ. ಆ ಮನೆಯಲ್ಲಿ ತಂದೆಯೇ ಮಗನನ್ನು ಟಿವಿಯ ಮುಂದೆ ಕೂರಿಸಿ ಟೂರ್ ಡಿ ಫ್ರಾನ್ಸ್ ತೋರಿಸುತ್ತಿದ್ದರು. 2015ರಲ್ಲಿ ಡೇನಿಯಲ್ ತೆಕ್ಲೆಹೈಮಾನೋತ್ ಎಂಬ ಎರಿಟ್ರಿಯಾದ ಸವಾರ ಆ ಸ್ಪರ್ಧೆಯಲ್ಲಿ ಬೆಟ್ಟದ ಏರುಗಳಲ್ಲಿ ಮುಂದಿರುವವರಿಗೆ ನೀಡುವ ಚುಕ್ಕೆಗಳ ಜೆರ್ಸಿಯನ್ನು ಧರಿಸಿದಾಗ ಬಿನಿಯಾಮ್‌ಗೆ 15 ವರ್ಷ. ತನ್ನಂತೆಯೇ ಇರುವ ಒಬ್ಬ ಅಲ್ಲಿಗೆ ತಲಪಿದ್ದಾನೆ ಎಂಬ ಅರಿವು ಆ ವಯಸ್ಸಿನಲ್ಲಿ ಎಷ್ಟು ದೊಡ್ಡದೆಂಬುದನ್ನು ನಾವು ಊಹಿಸಬಹುದು. 2018ರಲ್ಲಿ ಆತ ಆಫ್ರಿಕಾದ ಕಿರಿಯರ ಚಾಂಪಿಯನ್ ಆದ. ಅದೇ ವರ್ಷ ಸ್ವಿಟ್ಝರ್‌ಲ್ಯಾಂಡಿನ ಏಗ್ಲ್ ಪಟ್ಟಣದಲ್ಲಿರುವ ಅಂತಾರಾಷ್ಟ್ರೀಯ ಒಕ್ಕೂಟದ ತರಬೇತಿ ಕೇಂದ್ರಕ್ಕೆ ಆಯ್ಕೆಯಾದ. ಸೈಕ್ಲಿಂಗ್‌ಗೆ ಸೌಕರ್ಯಗಳಿಲ್ಲದ ದೇಶಗಳ ಮಕ್ಕಳಿಗಾಗಿಯೂ ಬಾಗಿಲು ತೆರೆದಿರುವ ಈ ಕೇಂದ್ರ 2002ರಲ್ಲಿ ಆರಂಭವಾದದ್ದು.

ಅಲ್ಲಿಂದ ಆತ ಬೆಲ್ಜಿಯಮ್‌ನ ಲೀಜ್ ಪ್ರಾಂತದಲ್ಲಿ ನಡೆಯುವ, ಆಗ ಒಬೆಲ್-ಥಿಮಿಸ್ಟರ್-ಲಾ ಗ್ಲೀಜ್ ಎಂಬ ಹೆಸರಿದ್ದ ಕಿರಿಯರ ಬಹುದಿನಗಳ ಸ್ಪರ್ಧೆಗೆ ಹೋದ. ಹದಿನೆಂಟರ ಹುಡುಗನಿಗೆ ಅಂತಹ ಸ್ಪರ್ಧೆಯೆಂದರೆ ಏನೆಂದು ಸ್ವಲ್ಪ ಯೋಚಿಸೋಣ. ಅಸ್ಮಾರಾ ಇರುವುದು ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿ. ಅಲ್ಲಿ ಬೆಳೆದವನ ಶ್ವಾಸಕೋಶ ಗಟ್ಟಿಯಾಗಿರುತ್ತದೆ, ನಿಜ. ಆದರೆ ಬೆಲ್ಜಿಯಮ್‌ನ ಹಳ್ಳಿರಸ್ತೆಗಳು ಬೇರೆಯೇ ಪಾಠವನ್ನು ಕೇಳುತ್ತವೆ. ಇಕ್ಕಟ್ಟಾದ ದಾರಿ, ಹೆಜ್ಜೆಹೆಜ್ಜೆಗೂ ತಿರುವು, ಒಂದಾದ ಮೇಲೊಂದು ದಿಬ್ಬ, ಯಾವಾಗ ಬೇಕಾದರೂ ಸುರಿಯುವ ಮಳೆ. ನೂರಕ್ಕೂ ಹೆಚ್ಚು ಸವಾರರು ಭುಜಕ್ಕೆ ಭುಜ ತಾಗುವಂತೆ ಒಂದೇ ದಂಡಾಗಿ ಸಾಗುತ್ತಾರೆ. ಮುಂದಿನವನ ಚಕ್ರಕ್ಕೂ ನಿಮ್ಮ ಚಕ್ರಕ್ಕೂ ಒಂದು ಗೇಣು ಅಂತರ. ಒಬ್ಬ ಬ್ರೇಕ್ ಹಿಡಿದರೆ ಹತ್ತು ಮಂದಿ ನೆಲಕ್ಕುರುಳುತ್ತಾರೆ. ಗಾಳಿ ಪಕ್ಕದಿಂದ ಬೀಸಿದರೆ ದಂಡು ತುಂಡುತುಂಡಾಗುತ್ತದೆ. ಸಿಕ್ಕ ಗುಂಪು ತಪ್ಪಿದರೆ ಮತ್ತೆ ಕೂಡಿಕೊಳ್ಳುವುದು ದುಸ್ಸಾಧ್ಯ. ಅಲ್ಲಿನ ಮಕ್ಕಳು ಬಾಲ್ಯದಿಂದಲೇ ಇಂತಹ ದಂಡಿನಲ್ಲಿ ಓಡಿ ಪಳಗಿದವರು. ಈತನಿಗೆ ಆ ಭಾಷೆ ಹೊಸದು, ಆಹಾರ ಹೊಸದು, ಚಳಿ ಹೊಸದು. ಸಂಜೆ ದಣಿದು ಮಲಗಿದರೆ, ಬೆಳಗ್ಗೆ ಕಾಲುಗಳು ಮರದ ದಿಮ್ಮಿಯಂತಾಗಿರುತ್ತವೆ. ಆದರೂ ಎದ್ದು ತಿನ್ನಬೇಕು, ಮತ್ತೆ ಸೈಕಲ್ ಏರಬೇಕು.

ಆ ಸ್ಪರ್ಧೆಯ ಮೊದಲ ಹಂತವನ್ನು ಬಿನಿಯಾಮ್ ಗೆದ್ದ. ಹಿಂದೆ ಬಿದ್ದವರಲ್ಲಿ ಬೆಲ್ಜಿಯಮ್‌ನ ರೆಮ್ಕೊ ಎವೆನ್‌ಪೂಲ್ ಕೂಡ ಇದ್ದ. ಈ ರೆಮ್ಕೊ ಯಾರೆಂದರೆ, ಅದೇ 2018ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಕಿರಿಯರ ವಿಶ್ವ ಚಾಂಪಿಯನ್‌ಶಿಪ್‌ನ ರಸ್ತೆ ಓಟ ಮತ್ತು ಟೈಮ್ ಟ್ರಯಲ್ ಎರಡನ್ನೂ ಗೆದ್ದವನು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಪಡೆದವನು. ಇಲ್ಲಿ ಪೋಷಕರಿಗೆ ಒಂದು ಪಾಠವಿದೆ. ರೆಮ್ಕೊ ಬಾಲ್ಯದಿಂದ ಓಡಿದ್ದು ಸೈಕಲಿನ ಹಿಂದೆ ಅಲ್ಲ, ಫುಟ್ಬಾಲಿನ ಹಿಂದೆ. ತನ್ನ ದೇಶದ ಕಿರಿಯರ ಫುಟ್ಬಾಲ್ ತಂಡಗಳಲ್ಲಿ ಆಡಿದವನು. ಫುಟ್ಬಾಲ್ ಹಾದಿ ಕೈಗೂಡದಾದಾಗ 2017ರಲ್ಲಿ ಸೈಕಲ್ ಹಿಡಿದ. ಮರುವರ್ಷವೇ ಕಿರಿಯರಲ್ಲಿ ಜಗತ್ತಿಗೆ ಮೊದಲಿಗನಾದ. ಮುಚ್ಚಿದ ಬಾಗಿಲಿನ ಮುಂದೆಯೇ ಆತನನ್ನು ನಿಲ್ಲಿಸಿ, ನೀನು ಸೋತವನು ಎಂದು ಮನೆಯವರು ಹೇಳಿದ್ದರೆ ಏನಾಗುತ್ತಿತ್ತು?

ಬಿನಿಯಾಮ್‌ನ ಮುಂದಿನ ಹಾದಿಯೂ ಹೂವಿನದಾಗಿರಲಿಲ್ಲ. 2021ರಲ್ಲಿ ಅವರು 23 ವರ್ಷದೊಳಗಿನವರ ವಿಶ್ವ ಸ್ಪರ್ಧೆಯಲ್ಲಿ ಬೆಳ್ಳಿ ಪಡೆದರು. 2022ರ ಮಾರ್ಚ್‌ನಲ್ಲಿ ಬೆಲ್ಜಿಯಮ್‌ನ ಪ್ರಸಿದ್ಧ ಗೆಂಟ್-ವೆವೆಲ್ಗೆಮ್ ಸ್ಪರ್ಧೆಯನ್ನು ಗೆದ್ದರು. ಅದೇ ವರ್ಷದ ಮೇ ತಿಂಗಳಲ್ಲಿ, ಒಂದು ಕಾಲಕ್ಕೆ ತನ್ನ ಜನರನ್ನು ಸ್ಪರ್ಧೆಯಿಂದ ಹೊರಗಿಟ್ಟಿದ್ದ ಇಟಲಿಯ ನೆಲದಲ್ಲೇ, ಜಿರೋ ಡಿ'ಇಟಾಲಿಯಾದ ಒಂದು ಹಂತವನ್ನು ಗೆದ್ದರು. ಆ ಮಟ್ಟದ ಮೂರು ವಾರಗಳ ಸ್ಪರ್ಧೆಯೊಂದರಲ್ಲಿ ಕಪ್ಪು ಆಫ್ರಿಕನ್ ಸವಾರನೊಬ್ಬ ಹಂತ ಗೆದ್ದದ್ದು ಅದೇ ಮೊದಲು. ಆದರೆ ಆ ಸಂಜೆ ಏನಾಯಿತು? ವಿಜಯದ ವೇದಿಕೆಯಲ್ಲಿ ಅಲ್ಲಿನ ಪದ್ಧತಿಯಂತೆ ಅವರ ಕೈಗೆ ಮದ್ಯದ ಬಾಟಲಿ ನೀಡಲಾಯಿತು. ಅದನ್ನು ತೆರೆಯುವಾಗ ಬಿರಡೆ ಸಿಡಿದು ಅವರ ಎಡಗಣ್ಣಿಗೆ ಬಡಿಯಿತು. ಆಸ್ಪತ್ರೆಗೆ ಹೋಗಬೇಕಾಯಿತು, ಮರುದಿನ ಸ್ಪರ್ಧೆಯಿಂದ ಹಿಂದೆ ಸರಿಯಬೇಕಾಯಿತು. ಪರ್ವತಗಳೂ ಪ್ರತಿಸ್ಪರ್ಧಿಗಳೂ ತಡೆಯಲಾರದವರನ್ನು ಒಂದು ಮದ್ಯದ ಬಾಟಲಿ ತಡೆಯಿತು. ಗೆಲುವನ್ನು ಮದ್ಯದಿಂದಲೇ ಆಚರಿಸಬೇಕೆಂಬ ಈ ಸಂಸ್ಕೃತಿಯ ಬಗ್ಗೆ ಜಗತ್ತು ಇನ್ನಾದರೂ ಯೋಚಿಸಬೇಡವೇ? ನಮ್ಮ ಯುವಕರೂ ಗೆಲುವಿನ ನಂತರದ ಗಳಿಗೆಯ ಬಗ್ಗೆ ಎಚ್ಚರದಿಂದಿರಬೇಕು. ಸೋಲಿಗಿಂತ ಗೆಲುವಿನ ಸಂಜೆಯೇ ಹೆಚ್ಚು ಅಪಾಯಕಾರಿ.

2024ರ ಮೇ ತಿಂಗಳಲ್ಲಿ ಅವರು ಮತ್ತೆ ಜಿರೋಗೆ ಬಂದರು. ನಾಲ್ಕನೆಯ ಹಂತದಲ್ಲೇ ಎರಡು ಬಾರಿ ಬಿದ್ದು ಮನೆಗೆ ಮರಳಿದರು. ಆ ದಿನ ಅವರ ಕಥೆ ಮುಗಿಯಿತೆಂದು ಬರೆದಿದ್ದರೆ ಅದು ಎಷ್ಟು ದೊಡ್ಡ ತಪ್ಪಾಗುತ್ತಿತ್ತು! ಏಕೆಂದರೆ ಎರಡೇ ತಿಂಗಳ ಬಳಿಕ, ಜುಲೈಯಲ್ಲಿ, ಅದೇ ಬಿನಿಯಾಮ್ ಟೂರ್ ಡಿ ಫ್ರಾನ್ಸ್‌ನ ಮೂರು ಹಂತಗಳನ್ನು ಗೆದ್ದರು. 16ನೆಯ ಹಂತದಲ್ಲಿ ಬಿದ್ದು ಗಾಯಗೊಂಡರೂ ಓಟ ಬಿಡಲಿಲ್ಲ. ಕೊನೆಗೆ ಅಂಕಗಳಲ್ಲಿ ಮೊದಲಿಗನಿಗೆ ಸಲ್ಲುವ ಹಸಿರು ಜೆರ್ಸಿಯನ್ನು ಧರಿಸಿಯೇ ನೀಸ್ ನಗರದಲ್ಲಿ ಸ್ಪರ್ಧೆ ಮುಗಿಸಿದರು. ಆಫ್ರಿಕಾದ ಕರಿಯರಲ್ಲಿ ಈ ಗೌರವ ಪಡೆದವರಲ್ಲಿ ಅವರೇ ಮೊದಲಿಗರು.

ಪ್ರವಾದಿವರ್ಯರ(ಸ) ಬಳಿ ಅದ್‌ಬಾ ಎಂಬ ಒಂದು ಒಂಟೆಯಿತ್ತು. ಓಟದಲ್ಲಿ ಅದನ್ನು ಯಾವ ಒಂಟೆಯೂ ಹಿಂದಿಕ್ಕಿರಲಿಲ್ಲ. ಒಂದು ದಿನ ಗ್ರಾಮೀಣ ಅರಬನೊಬ್ಬನ ಸಾಮಾನ್ಯ ಒಂಟೆ ಅದನ್ನು ಸೋಲಿಸಿತು. ಸಹಾಬಿಗಳಿಗೆ ಬಹಳ ನೋವಾಯಿತು. ಆಗ ಪ್ರವಾದಿವರ್ಯರು(ಸ), ಈ ಲೋಕದಲ್ಲಿ ಮೇಲೇರಿದ ಯಾವುದನ್ನಾದರೂ ಅಲ್ಲಾಹನು ಒಮ್ಮೆ ಕೆಳಗಿಳಿಸದೆ ಬಿಡುವುದಿಲ್ಲ ಎಂಬ ಅರ್ಥದಲ್ಲಿ ಅವರಿಗೆ ತಿಳಿಹೇಳಿದರೆಂದು ಅನಸ್(ರ)ರ ವರದಿಯಿದೆ. ಗೆದ್ದ ಮಗುವಿನ ಹೆತ್ತವರಿಗೆ ಇದು ವಿನಯದ ಪಾಠ. ಸೋತ ಮಗುವಿನ ಹೆತ್ತವರಿಗೆ ಇದು ಸಾಂತ್ವನ. ಸೋಲು ಯಾರ ಮನೆಗೂ ಬರಬಹುದಾದ ಅತಿಥಿ. ಅದು ಶಾಪವಲ್ಲ.

ಸಹೋದರರೇ, ಈ ಸ್ಪರ್ಧೆಯ ಇನ್ನೊಂದು ಗುಟ್ಟನ್ನು ಹೇಳುತ್ತೇವೆ. ನೋಡುವವರಿಗೆ ಒಬ್ಬ ಗೆದ್ದಂತೆ ಕಾಣುತ್ತದೆ, ಆದರೆ ಅಲ್ಲಿ ಯಾರೂ ಒಬ್ಬರೇ ಗೆಲ್ಲುವುದಿಲ್ಲ. ಮುಂದಿನ ಸವಾರನ ಹಿಂದೆ ಅಂಟಿಕೊಂಡು ಸಾಗಿದರೆ ಗಾಳಿಯ ತಡೆ ತಗ್ಗಿ ಸುಮಾರು ಮೂರನೇ ಒಂದರಷ್ಟು ಶಕ್ತಿ ಉಳಿಯುತ್ತದೆ. ಆದುದರಿಂದ ತಂಡದ ಇತರ ಸವಾರರು ಸರದಿಯಂತೆ ಮುಂದೆ ನಿಂತು ಗಾಳಿಗೆ ಎದೆಯೊಡ್ಡುತ್ತಾರೆ. ಒಬ್ಬ ಹಿಂದಿರುವ ಕಾರಿನ ಬಳಿಗೆ ಹೋಗಿ ಎಲ್ಲರಿಗೂ ನೀರಿನ ಬಾಟಲಿ ತರುತ್ತಾನೆ. ನಾಯಕನ ಚಕ್ರ ಪಂಕ್ಚರ್ ಆದರೆ ಇನ್ನೊಬ್ಬ ತನ್ನದೇ ಚಕ್ರವನ್ನು ಬಿಚ್ಚಿಕೊಟ್ಟು ರಸ್ತೆಯ ಬದಿಯಲ್ಲಿ ನಿಲ್ಲುತ್ತಾನೆ. ಫಲಿತಾಂಶದ ಪಟ್ಟಿಯಲ್ಲಿ ಆ ಹುಡುಗನ ಹೆಸರು ತೊಂಬತ್ತನೆಯದ್ದಾಗಿರಬಹುದು. ಆದರೆ ತಂಡಕ್ಕೆ ಗೊತ್ತು, ಆತನಿಲ್ಲದೆ ಗೆಲುವಿಲ್ಲವೆಂದು. ನಮ್ಮ ಸಮುದಾಯದಲ್ಲಿ ಎಷ್ಟೋ ಅಣ್ಣಂದಿರು ತಮ್ಮ ಓದನ್ನು ಬಿಟ್ಟು ದುಡಿದು ತಮ್ಮ ತಂಗಿಯರನ್ನು ಓದಿಸಿದ್ದಾರೆ. ಎಷ್ಟೋ ಅಮ್ಮಂದಿರು ಬೀಡಿ ಸುರುಟಿ, ಬಟ್ಟೆ ಹೊಲಿದು ಮಕ್ಕಳ ಶುಲ್ಕ ಕಟ್ಟಿದ್ದಾರೆ. ಸನ್ಮಾನದ ವೇದಿಕೆಯಲ್ಲಿ ನಾವು ಇವರನ್ನು ಎಂದಾದರೂ ಕರೆದದ್ದುಂಟೇ?

ಫಲಿತಾಂಶವೇ ಸರ್ವಸ್ವವಾದಾಗ ಇನ್ನೊಂದು ರೋಗ ಹುಟ್ಟುತ್ತದೆ, ಅದು ವಂಚನೆ. ಸೈಕ್ಲಿಂಗ್ ಜಗತ್ತು ಈ ರೋಗದಿಂದ ಬಹಳ ನರಳಿದೆ. ಏಳು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದನೆಂದು ಜಗತ್ತು ಕೊಂಡಾಡಿದ ಲಾನ್ಸ್ ಆರ್ಮ್‌ಸ್ಟ್ರಾಂಗ್‌ನಿಂದ ಆ ಏಳೂ ಪ್ರಶಸ್ತಿಗಳನ್ನು 2012ರಲ್ಲಿ ಕಿತ್ತುಕೊಳ್ಳಲಾಯಿತು. ನಿಷೇಧಿತ ಮದ್ದು ಅವನಿಗೆ ವೇಗ ಕೊಟ್ಟಿತು, ಮರ್ಯಾದೆಯನ್ನು ಕಸಿದುಕೊಂಡಿತು. ಪರೀಕ್ಷೆಯಲ್ಲಿ ನಕಲು ಮಾಡಿಸುವ, ಹಣಕೊಟ್ಟು ಸೀಟು ಕೊಳ್ಳುವ, ಸುಳ್ಳು ಪ್ರಮಾಣಪತ್ರ ತರುವ ಹೆತ್ತವರು ತಮ್ಮ ಮಕ್ಕಳಿಗೆ ಕೊಡುತ್ತಿರುವುದೂ ಅದೇ ಮದ್ದು. ಪ್ರಾಮಾಣಿಕವಾಗಿ ಅನುತ್ತೀರ್ಣನಾದ ಮಗನು ಮೋಸದಿಂದ ಉತ್ತೀರ್ಣನಾದ ಮಗನಿಗಿಂತ ಅಲ್ಲಾಹನ ಬಳಿಯೂ ಸಮಾಜದ ಬಳಿಯೂ ಹೆಚ್ಚು ಗೌರವಕ್ಕೆ ಅರ್ಹನು.

ಹೆಣ್ಣುಮಕ್ಕಳ ಮಾತನ್ನೂ ಹೇಳದೆ ಹೋದರೆ ಈ ಭಾಷಣ ಅಪೂರ್ಣವಾಗುತ್ತದೆ. ಅಫ್ಘಾನಿಸ್ತಾನದ ಫಾರ್ಯಾಬ್ ಪ್ರಾಂತದ ಯುಲ್ದುಝ್ ಹಾಶಿಮಿ ಮತ್ತು ಫರೀಬಾ ಹಾಶಿಮಿ ಎಂಬ ಅಕ್ಕತಂಗಿಯರು ಎಳೆಹರೆಯದಲ್ಲಿ ಸೈಕಲ್ ಸ್ಪರ್ಧೆಗೆ ಇಳಿದದ್ದು ಹೆಸರು ಮರೆಸಿಕೊಂಡು. 2021ರಲ್ಲಿ ತಾಲಿಬಾನ್ ಅಧಿಕಾರಕ್ಕೆ ಬಂದಾಗ ಅವರು ನಾಡು ಬಿಟ್ಟು ಇಟಲಿ ಸೇರಬೇಕಾಯಿತು. 2022ರ ಅಕ್ಟೋಬರ್‌ನಲ್ಲಿ ಅಫ್ಘಾನ್ ಮಹಿಳೆಯರ ರಾಷ್ಟ್ರೀಯ ಸ್ಪರ್ಧೆ ನಡೆದದ್ದು ಅಫ್ಘಾನಿಸ್ತಾನದಲ್ಲಲ್ಲ, ಬಿನಿಯಾಮ್ ತರಬೇತಿ ಪಡೆದ ಅದೇ ಏಗ್ಲ್ ಪಟ್ಟಣದಲ್ಲಿ! ಫರೀಬಾ ಮೊದಲನೆಯವರಾದರು, ಯುಲ್ದುಝ್ ಎರಡನೆಯವರಾದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇಬ್ಬರೂ ಓಡಿದರು. ಸ್ವಂತ ನಾಡಿನ ರಸ್ತೆ ಸ್ವಂತ ಹೆಣ್ಣುಮಕ್ಕಳಿಗೆ ಇಲ್ಲದಂತೆ ಮಾಡುವುದು ಯಾವ ಇಸ್ಲಾಮ್? ಪ್ರವಾದಿವರ್ಯರು(ಸ) ಪ್ರಯಾಣದ ನಡುವೆ ತಮ್ಮ ಪತ್ನಿ ಆಇಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ್ದರು. ಮೊದಲ ಬಾರಿ ಆಇಶಾ(ರ) ಗೆದ್ದರು, ಕಾಲಾನಂತರ ಪ್ರವಾದಿವರ್ಯರು(ಸ) ಗೆದ್ದು, ಅದು ಅಂದಿನದಕ್ಕೆ ಸಾಟಿ ಎಂಬಂತೆ ನಗುತ್ತಾ ಹೇಳಿದರು. ಹಯಾ ಮತ್ತು ಪರ್ದಾದ ಮೇರೆಯನ್ನು ಕಾಯ್ದುಕೊಂಡೇ ಹೆಣ್ಣುಮಕ್ಕಳು ಕಲಿಯಲು, ಓಡಲು, ಗೆಲ್ಲಲು ದಾರಿಯಿದೆ. ಅದನ್ನು ಕಟ್ಟಿಕೊಡಬೇಕಾದವರು ನಾವು.

ಹಾಗೆಂದು ತಡೆಗಳೆಲ್ಲ ಒಳಗಿನವೇ ಎಂದು ನಾವು ಹೇಳುವುದಿಲ್ಲ. ಹೊರಗಿನ ತಡೆಗಳೂ ಇವೆ. 2022ರಲ್ಲಿ ಕೇಂದ್ರ ಸರಕಾರವು ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೆಯ ತರಗತಿಗಳಿಗೆ ಮಾತ್ರ ಸೀಮಿತಗೊಳಿಸಿತು. ಅದೇ ವರ್ಷ ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪನ್ನು ನಿಲ್ಲಿಸಿತು. 2022ರ ಫೆಬ್ರವರಿಯ ಸರಕಾರಿ ಆದೇಶದ ಬಳಿಕ ನಮ್ಮ ರಾಜ್ಯದಲ್ಲಿ ಶಿರವಸ್ತ್ರದ ಹೆಸರಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ತರಗತಿಯ ಹೊರಗೆ ನಿಂತರು. ಬಹುದಿನಗಳ ಸ್ಪರ್ಧೆಯ ನಡುವೆ ಒಂದು ತಂಡದ ಹಿಂದಿನಿಂದ ನೀರಿನ ಕಾರನ್ನೇ ಹಿಂತೆಗೆದುಕೊಂಡಂತೆ ಇದು. ಇದನ್ನು ಸಂವಿಧಾನದ ಹಾದಿಯಲ್ಲಿ ಪ್ರಶ್ನಿಸಬೇಕು, ಪ್ರಶ್ನಿಸುತ್ತಲೇ ಇರಬೇಕು. ಆದರೆ ಕಾರು ಬರಲಿಲ್ಲವೆಂದು ಸವಾರನನ್ನು ಬಾಯಾರಿ ಸಾಯಲು ಬಿಡುವಂತಿಲ್ಲ. ಆ ನೀರನ್ನು ಒಯ್ಯುವ ಹೊಣೆ ಅಲ್ಲಿಯವರೆಗೆ ನಮ್ಮದು.

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದಾಗಿ, ಪ್ರತಿ ಮಹಲ್ಲಾದಲ್ಲಿ ಉತ್ತೀರ್ಣರಾದವರ ಪಟ್ಟಿಯೊಂದಿಗೆ ಅನುತ್ತೀರ್ಣರಾದವರ ಪಟ್ಟಿಯನ್ನೂ ಸಿದ್ಧಪಡಿಸಬೇಕು. ಇದು ಅವಮಾನಕ್ಕಾಗಿ ಅಲ್ಲ, ಬೆಂಬಲಕ್ಕಾಗಿ, ಆದುದರಿಂದ ಗುಟ್ಟಾಗಿರಲಿ. 2024ರಲ್ಲಿ ನಮ್ಮ ರಾಜ್ಯದ ಪರೀಕ್ಷಾ ಮಂಡಳಿಯು ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಕ್ರಮವನ್ನು ತಂದಿತು. ಒಮ್ಮೆ ಸೋತವರಿಗೆ ಮತ್ತೆ ಬರೆಯುವ ಬಾಗಿಲು ಇದೆಯೆಂಬುದೇ ನಮ್ಮ ಎಷ್ಟೋ ಮನೆಗಳಿಗೆ ತಿಳಿದಿಲ್ಲ. ಅರ್ಜಿಯ ಕೊನೆಯ ದಿನಾಂಕವನ್ನು ಜುಮಾದ ನಂತರ ಮಸೀದಿಯಲ್ಲಿ ಪ್ರಕಟಿಸಲು ಏನು ಅಡ್ಡಿ? ಎರಡನೆಯದಾಗಿ, ಮಹಲ್ಲಾದ ಪದವೀಧರರು ತಲಾ ಇಬ್ಬರು ಮಕ್ಕಳ ಹೊಣೆ ವಹಿಸಿಕೊಂಡು, ಸಂಜೆ ಒಂದು ಗಂಟೆ ಅವರೊಂದಿಗೆ ಕುಳಿತುಕೊಳ್ಳಲಿ. ಮೂರನೆಯದಾಗಿ, ಮದುವೆಯ ದುಂದುವೆಚ್ಚದಲ್ಲಿ ಒಂದು ಪಾಲನ್ನು ಉಳಿಸಿ, ಮದ್ರಸದ ಕೊಠಡಿಯಲ್ಲೇ ಮಕ್ಕಳಿಗೆ ಪುಸ್ತಕ, ಬೆಳಕು, ಮಾರ್ಗದರ್ಶನ ಒದಗಿಸೋಣ. ನಾಲ್ಕನೆಯದಾಗಿ, ಓದಿನಲ್ಲಿ ಒಲವಿಲ್ಲದವನ ಒಲವು ಎಲ್ಲಿದೆಯೆಂದು ಹುಡುಕೋಣ. ಐಟಿಐ ಇರಬಹುದು, ಕಸುಬು ಇರಬಹುದು, ಕ್ರೀಡೆಯೂ ಇರಬಹುದು. ನಮ್ಮದೇ ರಾಜ್ಯದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಸವಾರರ ತವರೆಂದು ಹೆಸರಾಗಿವೆ. ಹಳ್ಳಿಯ ಸಾಮಾನ್ಯ ಕುಟುಂಬಗಳ ಮಕ್ಕಳು ಅಲ್ಲಿಂದ ರಾಷ್ಟ್ರಮಟ್ಟಕ್ಕೆ ಹೋಗಿದ್ದಾರೆ. ಹದಿನೇಳರ ಹುಡುಗನಿಗೆ ಸಾಲ ಮಾಡಿ ಬೈಕ್ ಕೊಡಿಸುವ ತಂದೆ, ಅದರ ಅಲ್ಪ ಪಾಲಿನಲ್ಲಿ ಒಂದು ಸೈಕಲ್ ಕೊಡಿಸಿದರೆ ಮಗನ ಆರೋಗ್ಯವೂ ಉಳಿದೀತು, ಜೀವವೂ ಉಳಿದೀತು.

ಪ್ರೀತಿಯ ವಿದ್ಯಾರ್ಥಿಗಳೇ, ನಿಮಗೊಂದು ಮಾತು. ನಿಮ್ಮ ಮುಂದೆ ಇನ್ನೂ ಅನೇಕ ಹಂತಗಳಿವೆ. ಇಂದು ಗೆದ್ದವರು ಹಿಂದಿರುವ ಗೆಳೆಯನಿಗೆ ನೀರಿನ ಬಾಟಲಿ ಒಯ್ಯಿರಿ. ಇಂದು ಹಿಂದುಳಿದವರು ಕಾಲಮಿತಿಯೊಳಗೆ ಗುರಿ ತಲಪಿರಿ, ಸೈಕಲಿನಿಂದ ಇಳಿಯಬೇಡಿರಿ. ಸಹನೆಯೆಂದರೆ ಕೈಕಟ್ಟಿ ಕೂರುವುದಲ್ಲ. ನೋವಿರುವಾಗಲೂ ಪೆಡಲ್ ತುಳಿಯುವುದೇ ಸಬ್ರ್. ಪವಿತ್ರ ಕುರ್‌ಆನ್ ನಮಗೆ ಕಲಿಸಿದ ಓಟ ಒಳಿತಿನ ಕಡೆಗಿನ ಓಟ. ಅದರಲ್ಲಿ ಒಬ್ಬನ ಗೆಲುವು ಇನ್ನೊಬ್ಬನ ಸೋಲಲ್ಲ. ಆ ಓಟದ ಕೊನೆಯ ಗೆರೆ ಈ ಲೋಕದಲ್ಲಿಲ್ಲ. ಅಂತಿಮ ಲೆಕ್ಕವನ್ನು ಬರೆಯುವವನು ನಮ್ಮ ಒಂದು ದಿನವನ್ನಲ್ಲ, ಎಲ್ಲ ದಿನಗಳನ್ನೂ ಕೂಡಿಸಿ ನೋಡುತ್ತಾನೆ.

ನಮ್ಮ ಮಕ್ಕಳಿಗೆ ಅಲ್ಲಾಹನು ಸ್ಥೈರ್ಯವನ್ನೂ, ಹೆತ್ತವರಿಗೆ ವಿವೇಕವನ್ನೂ, ಸಮುದಾಯಕ್ಕೆ ಬಿದ್ದವರನ್ನು ಎತ್ತುವ ಕೈಗಳನ್ನೂ ಅನುಗ್ರಹಿಸಲಿ. ಆಮೀನ್. ವಸ್ಸಲಾಮು ಅಲೈಕುಮ್ ವರಹ್ಮತುಲ್ಲಾಹಿ ವಬರಕಾತುಹು.